‘ಎಲ್ಲಾ ಸೇರಿ’ ಅಂದರೆ ಏನೇನು ಸೇರಿ?
ಮಾಲ್ಡೀವ್ಸ್ ರೆಸಾರ್ಟಿಗೆ ಹೊರಟ ನಮ್ಮ ಮನೆಗಳು ತಿಳಿದಿರಬೇಕಾದ ಲೆಕ್ಕ

ನಿಕಾಹ್ ಮುಗಿಯಿತು, ವಲೀಮಾದ ಶಾಮಿಯಾನವೂ ಬಿಚ್ಚಾಯಿತು. ಮದುಮಕ್ಕಳಿಗೆ ಈಗ ನೆಂಟರು ಕೇಳುವ ಮೊದಲ ಪ್ರಶ್ನೆ ‘ಮಾಲ್ಡೀವ್ಸ್‌ಗೆ ಯಾವಾಗ?’ ಅಂತ. ಹತ್ತು ಹದಿನೈದು ವರ್ಷದ ಹಿಂದೆ ಊಟಿ, ಮಡಿಕೇರಿ ಅಂದರೇ ದೊಡ್ಡ ಮಾತಾಗಿತ್ತು. ಈಗ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ, ಹೊನ್ನಾಳಿಯ ಬಟ್ಟೆ ಅಂಗಡಿಯಲ್ಲಿ, ನ್ಯಾಮತಿಯ ಬೇಕರಿಯಲ್ಲಿ, ಜಗಳೂರಿನ ಹೋಟೆಲ್ ಗಲ್ಲಾದಲ್ಲಿ ಕೂತ ನಮ್ಮ ಹುಡುಗರ ಮೊಬೈಲಿನಲ್ಲಿ ನೀಲಿ ನೀರಿನ ಮೇಲೆ ನಿಂತ ಮರದ ಮನೆಗಳ ಚಿತ್ರ ಓಡುತ್ತಿರುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ಆಲ್ ಇನ್‌ಕ್ಲೂಸಿವ್’ ಅಂತ ಬರೆದಿರುತ್ತದೆ. ಊಟ, ತಿಂಡಿ, ಪಾನೀಯ, ಆಟ, ಎಲ್ಲಾ ಸೇರಿ ಒಂದೇ ರೇಟು.

ಘಟ್ಟ ಹತ್ತಿ ಬಂದು ಈ ಬಯಲುಸೀಮೆಯಲ್ಲಿ ಅಂಗಡಿ ಹಾಕಿದ ಬ್ಯಾರಿ ಮನೆಗಳಿಗೆ ಕಡಲು ಹೊಸದಲ್ಲ. ಆದರೆ ಈ ‘ಎಲ್ಲಾ ಸೇರಿ’ ಅನ್ನುವ ಲೆಕ್ಕ ಹೊಸದು. ಒಂದು ಕುಟುಂಬದ ವರ್ಷದ ಉಳಿತಾಯವನ್ನು ನಾಲ್ಕು ದಿನದಲ್ಲಿ ಖಾಲಿ ಮಾಡುವ ವ್ಯವಹಾರ ಇದು. ಅಂಗಡಿಗೆ ಹತ್ತು ಸಾವಿರದ ಮಾಲು ತರುವಾಗ ಮೂರು ಕಡೆ ದರ ಕೇಳುವ ನಾವು ಇಲ್ಲಿ ಮಾತ್ರ ಚಿತ್ರ ನೋಡಿ ದುಡ್ಡು ಕಟ್ಟುವುದು ಸರಿಯಲ್ಲ. ಹೋಗಬಾರದು ಅಂತ ಹೇಳಲು ಈ ಲೇಖನವಲ್ಲ. ಹೋಗುವವರು ತಾವು ಕೊಡುವ ದುಡ್ಡಿನಲ್ಲಿ ತಮಗೆ ಬೇಕಾದ್ದು ಎಷ್ಟು, ಬೇಡದ್ದು ಎಷ್ಟು ಅಂತ ತಿಳಿದು ಹೋಗಲಿ ಅನ್ನುವುದಷ್ಟೇ ನಮ್ಮ ಮಾತು.

ಒಂದು ದ್ವೀಪ, ಒಂದು ರೆಸಾರ್ಟ್

ಮಾಲ್ಡೀವ್ಸ್‌ನಲ್ಲಿ ಹೆಚ್ಚುಕಡಿಮೆ 1,200 ಹವಳದ ದ್ವೀಪಗಳಿವೆ. ಜನ ಮನೆ ಕಟ್ಟಿಕೊಂಡು ಬಾಳುವ ದ್ವೀಪಗಳು ಇನ್ನೂರರ ಒಳಗೆ. ಉಳಿದ ಖಾಲಿ ದ್ವೀಪಗಳಲ್ಲಿ ಕೆಲವನ್ನು ಸರ್ಕಾರ ಗುತ್ತಿಗೆಗೆ ಕೊಡುತ್ತದೆ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಮೊದಲನೆಯದು 1972ರಲ್ಲಿ ಶುರುವಾದ ಕುರುಂಬಾ. ದಿವೇಹಿ ಭಾಷೆಯಲ್ಲಿ ಕುರುಂಬಾ ಅಂದರೆ ಎಳನೀರು. ಮೂವತ್ತು ಕೋಣೆಗಳಿಂದ ಆರಂಭವಾದ ಆ ವ್ಯವಹಾರ ಇವತ್ತು ದೇಶದ ಬೆನ್ನೆಲುಬು. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು.

ದೇಶದ ಧರ್ಮ ಇಸ್ಲಾಂ. ಮದ್ಯ ಮತ್ತು ಹಂದಿ ಮಾಂಸವನ್ನು ಪ್ರವಾಸಿ ತನ್ನ ಚೀಲದಲ್ಲಿ ತರುವಂತಿಲ್ಲ, ಊರಿನ ದ್ವೀಪದಲ್ಲಿ ಮಾರುವಂತಿಲ್ಲ. ಆದರೆ ರೆಸಾರ್ಟ್ ದ್ವೀಪಕ್ಕೆ ಲೈಸೆನ್ಸ್ ಉಂಟು, ಅಲ್ಲಿ ಎರಡೂ ಸಿಗುತ್ತವೆ. ಹೀಗೆ ಒಂದೇ ದೇಶದಲ್ಲಿ ಎರಡು ಬಗೆಯ ಬದುಕು: ಮಸೀದಿ, ಮದರಸ, ಮೀನುದೋಣಿಯ ದ್ವೀಪ ಒಂದು ಕಡೆ, ಬಾರು, ಈಜುಕೊಳ, ಸ್ಪಾ ಇರುವ ದ್ವೀಪ ಇನ್ನೊಂದು ಕಡೆ. ನಡುವೆ ಕಡಲು. ಸ್ಥಳೀಯರ ರೀತಿ ರಿವಾಜಿಗೆ ಧಕ್ಕೆ ಬರಬಾರದು, ಡಾಲರ್ ಮಾತ್ರ ಬರಬೇಕು ಅಂತ ಮಾಡಿಕೊಂಡ ಏರ್ಪಾಡು ಇದು. ರೆಸಾರ್ಟಿಗೆ ಹೋಗುವ ನಾವು ಈ ಎರಡನೇ ಬಗೆಯ ದ್ವೀಪಕ್ಕೆ ಹೋಗುತ್ತೇವೆ ಅನ್ನುವುದು ಮೊದಲೇ ಗೊತ್ತಿರಲಿ. ‘ಮುಸ್ಲಿಂ ದೇಶ ಅಲ್ವಾ, ಎಲ್ಲ ನಮ್ಮ ಹಾಗೇ ಇರುತ್ತೆ’ ಅಂತ ಹೊರಟ ಹಿರಿಯರಿಗೆ ಅಲ್ಲಿ ಇಳಿದ ಮೇಲೆ ಮುಜುಗರ ಆಗಬಾರದು.

ನಮಗೂ ಆ ನಾಡಿಗೂ ನಂಟು ಹಳೆಯದು. 1340ರ ದಶಕದಲ್ಲಿ ಕರಾವಳಿಗೆ ಬಂದ ಇಬ್ನ್ ಬತೂತಾ ಮಂಗಳೂರನ್ನು ‘ಮಂಜರೂರ್’ ಎಂದು ಕರೆದು, ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದಾರೆಂದು ಬರೆದಿಟ್ಟ. ಮುಂದೆ ಆತನೇ ಮಾಲ್ಡೀವ್ಸ್ ತಲುಪಿ ಅಲ್ಲಿ ಖಾಝಿಯಾದ. ಅಲ್ಲಿನವರು ಇಂದು ಶಾಫಿಈ ಮದ್‌ಹಬ್‌ನವರು, ನಮ್ಮ ಹಾಗೆ. ದಾವಣಗೆರೆ ಸೀಮೆಯಲ್ಲಿ ಹನಫಿ ಜಮಾಅತಿನ ನಡುವೆ ಬಾಳುವ ನಮ್ಮ ಮನೆಗಳಿಗೆ ಅಸರ್ ಬಾಂಗು ನಮ್ಮ ಹೊತ್ತಿಗೇ ಕೇಳಿಸುವ ಊರು ಅಂದರೆ ಅದೊಂದು ಖುಷಿಯೇ.

ಹೋದ ಫೆಬ್ರುವರಿಯಲ್ಲಿ ಕಂಡದ್ದು

ಹೋದ ಫೆಬ್ರುವರಿಯಲ್ಲಿ ನಮ್ಮ ಮೂರು ಮನೆಯವರು ಸೇರಿ ಹೋಗಿ ಬಂದೆವು. ಚನ್ನಗಿರಿಯ ಎರಡು ಮನೆ, ಹೊನ್ನಾಳಿಯದು ಒಂದು. ದೊಡ್ಡವರು ಏಳು, ಮಕ್ಕಳು ಮೂರು. ಏಳರಲ್ಲಿ ಒಬ್ಬರು ಎಪ್ಪತ್ತರ ಹತ್ತಿರದ ಉಮ್ಮ. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನದಲ್ಲಿ ಎರಡು ಗಂಟೆಯ ದಾರಿ. ಚನ್ನಗಿರಿಯಿಂದ ಬೆಂಗಳೂರು ಮುಟ್ಟುವುದಕ್ಕೆ ಅದರ ಮೂರು ಪಟ್ಟು ಹೊತ್ತು ಹಿಡಿಯಿತು.

ಮೊದಲ ಪೆಟ್ಟು ಬಿದ್ದದ್ದು ಮಾಲೆಯಲ್ಲೇ. ನಮ್ಮ ರೆಸಾರ್ಟಿಗೆ ಸೀ ಪ್ಲೇನಿನಲ್ಲಿ, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನದಲ್ಲಿ ಹೋಗಬೇಕಿತ್ತು. ಅದು ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ನಮಗೆ ಟಿಕೆಟ್ ಮಾಡಿಕೊಟ್ಟ ಏಜೆಂಟರು ಸಂಜೆ ಇಳಿಯುವ ವಿಮಾನ ಹಾಕಿಸಿದ್ದರು, ಈ ವಿಷಯ ಬಾಯಿಬಿಟ್ಟಿರಲಿಲ್ಲ. ಆ ರಾತ್ರಿ ಹುಳುಮಾಲೆಯ ಲಾಡ್ಜಿನಲ್ಲಿ ಕಳೆಯಬೇಕಾಯಿತು. ಅದರ ಬಾಡಿಗೆಯೂ ನಮ್ಮದೇ, ರೆಸಾರ್ಟಿನಲ್ಲಿ ಖಾಲಿ ಬಿದ್ದಿದ್ದ ಕೋಣೆಯ ಬಾಡಿಗೆಯೂ ನಮ್ಮದೇ. ನಾಲ್ಕು ರಾತ್ರಿಗೆ ದುಡ್ಡು ಕೊಟ್ಟು ಮೂರು ರಾತ್ರಿ ಇದ್ದೆವು. ಆದ್ದರಿಂದ ಸೀ ಪ್ಲೇನಿನ ರೆಸಾರ್ಟ್ ಆದರೆ ಮಧ್ಯಾಹ್ನಕ್ಕೆ ಮೊದಲೇ ಮಾಲೆ ಮುಟ್ಟುವ ವಿಮಾನ ನೋಡಿ. ಇಲ್ಲವೇ ಸ್ಪೀಡ್ ಬೋಟಿನಲ್ಲಿ ತಲುಪುವಷ್ಟು ಹತ್ತಿರದ ರೆಸಾರ್ಟ್ ಆರಿಸಿ, ಬೋಟು ರಾತ್ರಿಯೂ ಓಡುತ್ತದೆ. ಸೀ ಪ್ಲೇನಿನಲ್ಲಿ ಒಬ್ಬರಿಗೆ ಸುಮಾರು 20 ಕಿಲೋ ಬ್ಯಾಗು, 5 ಕಿಲೋ ಕೈಚೀಲ ಅಷ್ಟೇ. ಮೇಲೆ ಇದ್ದರೆ ಕಿಲೋ ಲೆಕ್ಕದಲ್ಲಿ ಕಟ್ಟಬೇಕು.

ಮರುದಿನ ಹಾರಿದಾಗ ಮಾತ್ರ ಎಲ್ಲರ ಬಾಯಿ ಕಟ್ಟಿತು. ಕಿಟಕಿಯ ಕೆಳಗೆ ಕಡು ನೀಲಿ ಕಡಲು, ಅದರಲ್ಲಿ ತಿಳಿ ಹಸಿರಿನ ಬಳೆಗಳನ್ನು ಚೆಲ್ಲಿದ ಹಾಗೆ ಹವಳದ ದಿಬ್ಬಗಳು. ಇಂಥ ಉಂಗುರದ ದ್ವೀಪಸಾಲಿಗೆ ಇಂಗ್ಲಿಷಿನವರು ಹೇಳುವ ‘ಅಟಾಲ್’ ಪದ ಬಂದದ್ದೇ ದಿವೇಹಿಯಿಂದ. ಸೂಳೆಕೆರೆಯ ಏರಿ ಮೇಲೆ ನಿಂತು ಇದೇ ದೊಡ್ಡ ನೀರು ಅಂತ ಬೆಳೆದ ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು.

ದಕ್ಕೆಯಲ್ಲಿ ಇಳಿದ ಕೂಡಲೇ ತಣ್ಣನೆ ಟವೆಲು, ಎಳನೀರು, ಕೈಗೊಂದು ಪಟ್ಟಿ. ಆ ಪಟ್ಟಿ ಇದ್ದರೆ ಯಾವ ಹೊತ್ತಿಗೂ ಯಾವ ಕೌಂಟರಿನಲ್ಲೂ ದುಡ್ಡು ಕೇಳುವುದಿಲ್ಲ. ಬೆಳಿಗ್ಗೆ ಏಳರಿಂದ ತಿಂಡಿ, ಮಧ್ಯಾಹ್ನದ ಬಫೆ, ಸಂಜೆ ಚಹಾ ಕೇಕು, ರಾತ್ರಿ ಮತ್ತೆ ಬಫೆ. ತಿಂಡಿಗೆ ಅಲ್ಲಿಯ ಮಾಸ್ ಹುನಿ ಸಿಕ್ಕಿತು. ಸೂರೆ ಮೀನು, ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ಲಿಂಬೆಹುಳಿ ಸೇರಿಸಿ ಕೈಯಲ್ಲಿ ಕಲಸಿದ್ದು, ಜೊತೆಗೆ ರೋಷಿ ಅನ್ನುವ ತೆಳು ರೊಟ್ಟಿ. ‘ಇದು ನಮ್ಮ ಮನೇದೇ ಅಡುಗೆ, ಪತ್ತಿರ್ ಒಂದು ಬದಲಾಗಿದೆ ಅಷ್ಟೇ’ ಅಂದರು ಉಮ್ಮ. ಮೂರು ದಿನವೂ ಅವರು ತಿಂಡಿಗೆ ಬೇರೆ ಏನನ್ನೂ ಮುಟ್ಟಲಿಲ್ಲ.

ಬಫೆಯಲ್ಲಿ ಹಂದಿ ಮಾಂಸದ ತಟ್ಟೆ ಬೇರೆ ಇಟ್ಟು ಚೀಟಿ ಅಂಟಿಸಿದ್ದರು. ಚೀಟಿ ನೋಡಿದರೆ ಸಾಲದು. ಕೆಲವು ಸಾಸು, ಸೂಪು, ಕೇಕಿಗೆ ಮದ್ಯ ಹಾಕುವುದುಂಟು. ಅದನ್ನು ಕೇಳಿಯೇ ತಿನ್ನಬೇಕು. ನಾವು ಮೊದಲ ದಿನವೇ ಅಡುಗೆಮನೆಯ ಮುಖ್ಯಸ್ಥರನ್ನು ಕರೆಸಿ ಕೇಳಿದೆವು. ಆತ ಬೇಸರಿಸದೆ ಬಫೆಯ ಉದ್ದಕ್ಕೂ ನಡೆದು ಒಂದೊಂದೇ ತೋರಿಸಿದರು. ಮೀನು, ಸಿಗಡಿ ಹೇರಳ, ಶಾಫಿಈಗಳಾದ ನಮಗೆ ಅದರಲ್ಲಿ ತಕರಾರಿಲ್ಲ. ಕೋಣೆಯ ಫ್ರಿಜ್ಜಿನಲ್ಲಿ ತುಂಬಿಟ್ಟಿದ್ದ ಬಾಟಲಿಗಳನ್ನು ತೆಗೆಸಿ, ಜ್ಯೂಸು, ನೀರು ಇಡಿಸಿಕೊಂಡೆವು. ಹೇಳಿದರೆ ಎಲ್ಲವೂ ಆಗುತ್ತದೆ, ಹೇಳದಿದ್ದರೆ ಯಾರೂ ಕೇಳುವುದಿಲ್ಲ.

ನೀರಿನ ಮೇಲಿನ ವಿಲ್ಲಾ ಚಿತ್ರದಲ್ಲಿ ಚೆಂದ. ಆದರೆ ಚಿಕ್ಕ ಮಕ್ಕಳು, ಮೊಣಕಾಲು ನೋವಿನ ಹಿರಿಯರು ಇರುವ ಮನೆಗೆ ದಡದ ವಿಲ್ಲಾವೇ ವಾಸಿ. ನೀರಿನ ವಿಲ್ಲಾದ ಮೆಟ್ಟಿಲು ನೇರ ಕಡಲಿಗೇ ಇಳಿಯುತ್ತದೆ, ಮಕ್ಕಳ ಮೇಲೆ ಒಂದು ಕ್ಷಣ ಕಣ್ಣು ತಪ್ಪುವ ಹಾಗಿಲ್ಲ. ಎಷ್ಟೋ ರೆಸಾರ್ಟುಗಳು ಸಣ್ಣ ಮಕ್ಕಳಿಗೆ ಅದನ್ನು ಕೊಡುವುದೇ ಇಲ್ಲ. ನಮ್ಮ ಹೆಂಗಸರು ಮೈತುಂಬ ಮುಚ್ಚುವ ಈಜುಡುಗೆಯಲ್ಲಿ ಬೆಳಿಗ್ಗೆ ಬೇಗ, ಜನ ಬರುವ ಮೊದಲು ನೀರಿಗಿಳಿದರು. ಯಾರೂ ತಿರುಗಿ ನೋಡಲಿಲ್ಲ. ಆದರೆ ಮಧ್ಯಾಹ್ನದ ಮೇಲೆ ದಡದಲ್ಲಿ ಬೇರೆಯವರ ಉಡುಗೆ ತೊಡುಗೆ, ಕೈಯಲ್ಲಿನ ಗ್ಲಾಸು ನೋಡಿಕೊಂಡು ಕೂರುವುದು ಹಿರಿಯರಿಗೆ ಕಷ್ಟವಾಯಿತು. ಅವರು ಕೋಣೆಯ ಹಿಂದಿನ ಜಗಲಿಯಲ್ಲೇ ಕೂತರು. ಕೋಣೆಗೇ ಅಂಟಿಕೊಂಡ ಮರೆಯ ಕೊಳ ಇರುವ ವಿಲ್ಲಾ ಸ್ವಲ್ಪ ದುಬಾರಿ, ಹೆಂಗಸರಿಗೆ ಅದೇ ಹೆಚ್ಚು ಉಪಯೋಗ.

ಗಡಿಯಾರದ ವಿಷಯ ಒಂದು. ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಆದರೆ ಹಲವು ರೆಸಾರ್ಟುಗಳು ಅತಿಥಿಗಳಿಗೆ ಸಂಜೆಯ ಬೆಳಕು ಹೆಚ್ಚು ಸಿಗಲಿ ಅಂತ ತಮ್ಮದೇ ‘ಐಲ್ಯಾಂಡ್ ಟೈಮ್’ ಇಟ್ಟುಕೊಂಡಿವೆ, ಅದು ಮಾಲೆಗಿಂತ ಒಂದು ಗಂಟೆ ಮುಂದೆ. ನಮಾಝಿನ ಆ್ಯಪ್ ಮಾಲೆ ಸಮಯ ತೋರಿಸುತ್ತದೆ, ಗೋಡೆಯ ಗಡಿಯಾರ ಬೇರೆಯದು. ಮಗ್ರಿಬ್‌ಗೂ ಊಟದ ಹೊತ್ತಿಗೂ ತಾಳೆ ಆಗದೆ ಮೊದಲ ದಿನ ಗೊಂದಲ ಆಯಿತು. ಸಿಬ್ಬಂದಿ ವಸತಿಯ ಕಡೆ ಮಸೀದಿ ಇತ್ತು, ಕೇಳಿದ್ದಕ್ಕೆ ಕರೆದುಕೊಂಡು ಹೋದರು. ಶುಕ್ರವಾರ ಅಲ್ಲೇ ಜುಮಾ. ಖುತ್ಬಾ ದಿವೇಹಿಯಲ್ಲಿ. ಸಫಿನಲ್ಲಿ ನಮ್ಮ ಪಕ್ಕ ನಿಂತವರು ಬೋಟು ಓಡಿಸುವ ಮಾಲ್ಡೀವ್ಸ್‌ನವರು, ಬಾಂಗ್ಲಾದೇಶದ ತೋಟದ ಕೆಲಸದವರು, ಕೇರಳದ ಅಡುಗೆಯವರು. ಮೂರು ದಿನದಲ್ಲಿ ಆ ನಾಡಿನವರ ಜೊತೆ ಮನಸ್ಸು ಬಿಚ್ಚಿ ಮಾತಾಡಿದ್ದು ಆ ಮಸೀದಿಯ ಮೆಟ್ಟಿಲ ಮೇಲೆ ಮಾತ್ರ. ಉಳಿದ ಕಡೆಯೆಲ್ಲ ಅವರು ನಗುಮುಖದಿಂದ ತಟ್ಟೆ ಎತ್ತುವವರು, ನಾವು ಪಟ್ಟಿ ಕಟ್ಟಿದ ಗಿರಾಕಿಗಳು.

ನಾವು ಕುಡಿಯದ ಮದ್ಯದ ದುಡ್ಡು

ಈಗ ಲೆಕ್ಕಕ್ಕೆ ಬರೋಣ. ರೆಸಾರ್ಟಿನವರು ಊಟವನ್ನು ಕೆಲವು ಬಗೆಯಲ್ಲಿ ಮಾರುತ್ತಾರೆ. ತಿಂಡಿ ಮಾತ್ರ ಸೇರಿದ್ದು ಒಂದು. ತಿಂಡಿ ಮತ್ತು ಒಂದು ಊಟ ಸೇರಿದ್ದು ‘ಹಾಫ್ ಬೋರ್ಡ್’. ಮೂರೂ ಹೊತ್ತು ಸೇರಿದ್ದು ‘ಫುಲ್ ಬೋರ್ಡ್’. ಮೂರು ಹೊತ್ತಿನ ಜೊತೆ ಪಾನೀಯವೂ ಸೇರಿದ್ದು ‘ಆಲ್ ಇನ್‌ಕ್ಲೂಸಿವ್’. ಫುಲ್ ಬೋರ್ಡಿಗೂ ಆಲ್ ಇನ್‌ಕ್ಲೂಸಿವ್‌ಗೂ ಇರುವ ದರದ ಅಂತರದಲ್ಲಿ ದೊಡ್ಡ ಪಾಲು ಮದ್ಯದ್ದು. ಬಾರಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಕುಡಿಯುವ ಗಿರಾಕಿಯ ಲೆಕ್ಕ ಹಿಡಿದು ಆ ದರ ಕಟ್ಟಿರುತ್ತಾರೆ. ನಮ್ಮ ಮನೆಯವರು ಅಲ್ಲಿ ಕುಡಿಯುವುದು ಲಿಂಬೆ ಶರಬತ್ತು, ಚಹಾ.

ಹಾಗಂತ ಕಣ್ಣು ಮುಚ್ಚಿ ಫುಲ್ ಬೋರ್ಡ್ ತೆಗೆದುಕೊಂಡರೂ ಪೆಟ್ಟು ಬೀಳಬಹುದು. ಅದರಲ್ಲಿ ಊಟದ ಜೊತೆಗಿನ ಪಾನೀಯ ಸಾಮಾನ್ಯವಾಗಿ ಸೇರಿರುವುದಿಲ್ಲ. ನೀರಿನ ಬಾಟಲಿಗೂ ಬಿಲ್ಲು ಬರುವ ಕಡೆಗಳಿವೆ. ಬೇಸಿಗೆಯಲ್ಲಿ ಮಕ್ಕಳು ದಿನಕ್ಕೆ ನಾಲ್ಕು ಜ್ಯೂಸು ಕುಡಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಅದಕ್ಕೆ ದುಡ್ಡು ಕಟ್ಟುವ ಮೊದಲು ರೆಸಾರ್ಟಿಗೆ ನೇರವಾಗಿ ಇ-ಮೇಲ್ ಹಾಕಿ ಮೂರು ಪ್ರಶ್ನೆ ಕೇಳಿ. ಒಂದು, ಮದ್ಯ ಇಲ್ಲದ ಪಾನೀಯದ ಪ್ಯಾಕೇಜು ಉಂಟಾ, ದರ ಎಷ್ಟು? ಎರಡು, ಫುಲ್ ಬೋರ್ಡಿನಲ್ಲಿ ನೀರು, ಚಹಾ, ಕಾಫಿ ಸೇರಿದೆಯಾ? ಮೂರು, ಅದೇ ಕೋಣೆಗೆ ಎರಡೂ ಬಗೆಯಲ್ಲಿ ಒಟ್ಟು ಎಷ್ಟು? ಉತ್ತರ ಬರವಣಿಗೆಯಲ್ಲಿ ಬರಲಿ. ಬಾಯಿಮಾತಿನ ‘ಎಲ್ಲಾ ಸೇರಿದೆ ಸಾರ್’ ಅಲ್ಲಿಯ ಕೌಂಟರಿನಲ್ಲಿ ನಡೆಯುವುದಿಲ್ಲ.

ಸೇರಿರದ ಇನ್ನೂ ಕೆಲವು ಇವೆ. ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಾಳಕ್ಕೆ ಇಳಿಯುವುದು, ಸ್ಪಾ, ಡಾಲ್ಫಿನ್ ನೋಡಲು ದೋಣಿ, ಮರಳ ದಿಬ್ಬದಲ್ಲಿ ಊಟ, ಬಫೆ ಬಿಟ್ಟು ಬೇರೆ ಹೋಟೆಲಿನಲ್ಲಿ ಊಟ, ಇವಕ್ಕೆ ಹೆಚ್ಚಾಗಿ ಬೇರೆ ಬಿಲ್ಲು. ಕನ್ನಡಕ, ಕೊಳವೆ ಹಾಕಿ ದಡದ ಹತ್ತಿರವೇ ಹವಳ, ಬಣ್ಣದ ಮೀನು ನೋಡುವುದು ಎಷ್ಟೋ ಕಡೆ ಪುಕ್ಕಟೆ. ನಮ್ಮ ಮಕ್ಕಳಿಗೆ ಅದಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಬೇರೆ ಯಾವುದೂ ಇಲ್ಲ.

ಪ್ಲಸ್ ಪ್ಲಸ್ ಎಂಬ ಬಾಲ

ದರಪಟ್ಟಿಯ ಪಕ್ಕ ಎರಡು ಕೂಡಿಸುವ ಗುರುತು ಇದ್ದರೆ ಎಚ್ಚರ. ಒಂದು ಸರ್ವಿಸ್ ಚಾರ್ಜ್, 10 ಶೇಕಡ. ಇನ್ನೊಂದು ಪ್ರವಾಸೋದ್ಯಮದ ಜಿಎಸ್‌ಟಿ. ಅದು 2025ರ ಜುಲೈ 1ರಿಂದ 17 ಶೇಕಡ. ಒಂದರ ಮೇಲೊಂದು ಹಾಕುವುದರಿಂದ 100 ಡಾಲರಿನ ಬಿಲ್ಲು 128 ಡಾಲರ್ 70 ಸೆಂಟ್ ಆಗುತ್ತದೆ. ಸರ್ವಿಸ್ ಚಾರ್ಜನ್ನು ಕೆಲಸಗಾರರಿಗೆ ಹಂಚಬೇಕು ಅಂತ ಅಲ್ಲಿ ಕಾನೂನಿದೆ, ಅದರಲ್ಲಿ ಬೇಸರ ಇಲ್ಲ. ಆದರೆ ಮೊದಲೇ ಗೊತ್ತಿರಬೇಕು.

ಇದಲ್ಲದೆ ಹಸಿರು ತೆರಿಗೆ ಉಂಟು. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಲೆಗೆ, ರಾತ್ರಿಗೆ 12 ಡಾಲರ್. ಎರಡು ವರ್ಷದೊಳಗಿನ ಕೂಸಿಗೆ ಇಲ್ಲ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಮೂರು ರಾತ್ರಿ ಇದ್ದರೆ 144 ಡಾಲರ್. ಡಾಲರಿಗೆ 88 ರೂಪಾಯಿ ಅಂತ ಹಿಡಿದರೂ 12,672 ರೂಪಾಯಿ ಬರೀ ತೆರಿಗೆ. ಹೊರಡುವಾಗಿನ ವಿಮಾನ ನಿಲ್ದಾಣದ ತೆರಿಗೆಯನ್ನೂ 2024ರ ಡಿಸೆಂಬರಿನಲ್ಲಿ ಏರಿಸಿದ್ದಾರೆ, ಅದು ಟಿಕೆಟಿನಲ್ಲೇ ಸೇರಿರುತ್ತದೆ. ಮಧ್ಯಮ ದರ್ಜೆಯ ರೆಸಾರ್ಟಿನಲ್ಲೂ ಇಬ್ಬರಿಗೆ ರಾತ್ರಿಗೆ ನಾನೂರು ಐನೂರು ಡಾಲರ್ ಸಾಮಾನ್ಯ, ಮೇಲಕ್ಕೆ ಮಿತಿಯೇ ಇಲ್ಲ. ಸೀ ಪ್ಲೇನ್ ಹೋಗಿ ಬರಲು ಒಬ್ಬರಿಗೆ ನಾನೂರು ಡಾಲರಿನ ಮೇಲೆಯೇ ಹಿಡಿಯಿರಿ.

ನಮ್ಮ ದೇಶದ ಕಡೆಯಿಂದಲೂ ಒಂದು ಬಾಲ ಉಂಟು. ಏಜೆಂಟರ ಮೂಲಕ ವಿದೇಶ ಪ್ಯಾಕೇಜು ಕೊಂಡರೆ ಟಿಸಿಎಸ್ ಹಿಡಿಯುತ್ತಾರೆ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತಿರುತ್ತದೆ. ಇದು ಕಳೆದುಹೋದ ದುಡ್ಡಲ್ಲ. ಪ್ಯಾನ್ ನಂಬರ್ ಕೊಟ್ಟು ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಆದರೆ ಹೋಗುವ ಹೊತ್ತಿಗೆ ಕೈಯಿಂದ ಹೊರಡುತ್ತದೆ.

ಕಾಗದ ಪತ್ರದ ತೊಂದರೆ ಕಡಿಮೆ. ಭಾರತೀಯರಿಗೆ ಮೊದಲೇ ವೀಸಾ ಬೇಡ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿದ್ದರೆ ನಿಶ್ಚಿಂತೆ. ಹೊರಡುವ 96 ಗಂಟೆಯೊಳಗೆ ‘ಇಮುಗಾ’ ಅನ್ನುವ ಆನ್‌ಲೈನ್ ಫಾರಂ ತುಂಬಬೇಕು. ಅದು ಪುಕ್ಕಟೆ, ದುಡ್ಡು ಕೇಳುವ ವೆಬ್‌ಸೈಟು ಕಂಡರೆ ಅದು ಮೋಸ. ಹುಡುಗರಿಗೆ ಒಂದು ಮಾತು: ವೇಪ್ ಒಯ್ಯುವಂತಿಲ್ಲ. 2007ರ ಜನವರಿ 1ರ ನಂತರ ಹುಟ್ಟಿದವರು ತಂಬಾಕು ಮುಟ್ಟುವ ಹಾಗೂ ಇಲ್ಲ, ಪ್ರವಾಸಿಗರಿಗೂ ಇದೇ ಕಾನೂನು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಣಹವೆ, ದರವೂ ಹೆಚ್ಚು. ಮೇ ತಿಂಗಳಿಂದ ಮಳೆಗಾಲ, ದರ ಇಳಿಯುತ್ತದೆ, ಕಡಲು ಒರಟಾಗುತ್ತದೆ.

ಊರಿನ ದ್ವೀಪದಲ್ಲಿ ಉಳಿದರೆ?

2009ರವರೆಗೆ ಜನವಸತಿಯ ದ್ವೀಪಗಳಲ್ಲಿ ಪ್ರವಾಸಿಗರು ತಂಗುವಂತಿರಲಿಲ್ಲ. ಆಮೇಲೆ ಗೆಸ್ಟ್‌ಹೌಸಿಗೆ ಅನುಮತಿ ಸಿಕ್ಕಿತು. ಮಾಲೆಗೆ ಹತ್ತಿರದ ಮಾಫುಶಿ ಇದರಲ್ಲಿ ಎಲ್ಲರಿಗಿಂತ ಮುಂದೆ. ಅಲ್ಲಿ ಇಬ್ಬರ ಕೋಣೆ ಐವತ್ತು ನೂರು ಡಾಲರಿಗೆ ಸಿಗುತ್ತದೆ. ಸಣ್ಣ ಗೆಸ್ಟ್‌ಹೌಸಿನಲ್ಲಿ ಹಸಿರು ತೆರಿಗೆಯೂ ಅರ್ಧ, ಅಂದರೆ 6 ಡಾಲರ್. ಮದ್ಯ ಇಲ್ಲ. ಊಟ ಹಲಾಲೇ ಅಂತ ಪ್ರತಿ ತಟ್ಟೆಗೂ ಕೇಳುವ ಕೆಲಸ ಇಲ್ಲ. ಬಾಂಗು ಕೇಳಿಸುತ್ತದೆ, ಮಸೀದಿ ನಡೆದು ಹೋಗುವ ದೂರ. ವಿದೇಶೀ ಪ್ರವಾಸಿಗರ ಈಜುಡುಗೆಗೆ ಮರೆ ಕಟ್ಟಿದ ಬೇರೆ ದಡ ಇಟ್ಟಿದ್ದಾರೆ. ಉಳಿದ ದಡದಲ್ಲಿ ಅಲ್ಲಿಯ ಹೆಂಗಸರು ಬಟ್ಟೆ ಉಟ್ಟೇ ಈಜುತ್ತಾರೆ. ನಮ್ಮ ಮನೆಯ ಹೆಂಗಸರಿಗೆ ರೆಸಾರ್ಟಿಗಿಂತ ಅಲ್ಲೇ ಹಾಯಾಗಿರಬಹುದು.

ಅದೇ ನೀಲಿ ನೀರು, ಅದೇ ಹವಳ. ಇಲ್ಲದ್ದು ಏಕಾಂತ ಮತ್ತು ಐಷಾರಾಮು. ಗೆಸ್ಟ್‌ಹೌಸಿನ ಓಣಿಯಲ್ಲಿ ಬೈಕು ಓಡುತ್ತದೆ, ಮನೆ ಕಟ್ಟುವ ಸದ್ದು ಇರುತ್ತದೆ. ಶುಕ್ರವಾರ ಹಲವು ಸರ್ಕಾರಿ ಫೆರಿಗಳು ಓಡುವುದಿಲ್ಲ, ಆ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ. ರೆಸಾರ್ಟ್ ನೋಡಲೇಬೇಕು ಅನ್ನುವವರಿಗೆ ನಡುದಾರಿಯೂ ಉಂಟು. ಮಾಫುಶಿಯಿಂದ ಹತ್ತಿರದ ರೆಸಾರ್ಟುಗಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ‘ಡೇ ಪಾಸ್’ ಸಿಗುತ್ತದೆ. ಮೂರು ರಾತ್ರಿ ಗೆಸ್ಟ್‌ಹೌಸ್, ಒಂದು ರಾತ್ರಿ ರೆಸಾರ್ಟ್ ಅಂತಲೂ ಮಾಡಬಹುದು. ಮದುಮಕ್ಕಳ ಫೋಟೋ ಆಸೆಗೆ ಒಂದು ರಾತ್ರಿ ಧಾರಾಳ ಸಾಕು.

ಮಾಲೆಯಲ್ಲಿ ಅರ್ಧ ದಿನ ಸಿಕ್ಕರೆ ಹಳೆಯ ಜುಮಾ ಮಸೀದಿ, ಹುಕುರು ಮಿಸ್ಕಿ, ಬಿಡಬೇಡಿ. 1658ರಲ್ಲಿ ಮುಗಿದ ಕಟ್ಟಡ. ಹವಳದ ಕಲ್ಲನ್ನು ಕೊರೆದು ಜೋಡಿಸಿದ ಗೋಡೆಗಳು, ಒಳಗೆ ಅರಗಿನ ಬಣ್ಣದ ಮರಗೆಲಸ. ಮರದ ಕುಸುರಿಯ ಹಳೆ ಮಸೀದಿಗಳನ್ನು ಕರಾವಳಿಯಲ್ಲಿ ನೋಡಿ ಬೆಳೆದವರಿಗೆ ಕಾಲು ಕೀಳಲು ಮನಸ್ಸಾಗುವುದಿಲ್ಲ.

ಹತ್ತಿರದ ಕಡಲು, ಮರೆತ ನಂಟು

ಪಾಸ್‌ಪೋರ್ಟೇ ಬೇಡದ ಹವಳದ ದ್ವೀಪಗಳು ನಮ್ಮ ದೇಶದಲ್ಲೇ ಇವೆ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋದದ್ದು, ಆ ಬಗ್ಗೆ ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ನಾಲಿಗೆ ಹರಿಬಿಟ್ಟು ಅಮಾನತಾದದ್ದು, ಇಲ್ಲಿ ಬಹಿಷ್ಕಾರದ ಕೂಗು ಎದ್ದದ್ದು ನೆನಪಿರಬಹುದು. 2023ರಲ್ಲಿ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರು ಮರುವರ್ಷ 1.3 ಲಕ್ಷದ ಆಸುಪಾಸಿಗೆ ಇಳಿದರು. ಆ ಜಗಳದಲ್ಲಿ ಲಕ್ಷದ್ವೀಪದ ಹೆಸರು ಎಲ್ಲರ ಬಾಯಲ್ಲೂ ಓಡಾಡಿತು.

ಬ್ಯಾರಿಗಳಿಗೆ ಆ ಹೆಸರು ಟಿವಿಯಿಂದ ಬಂದದ್ದಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ, ಈ ಅಮಿನಿದಿವಿ ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 18ನೇ ಶತಮಾನದ ಕೊನೆಯಲ್ಲಿ ಕಣ್ಣೂರಿನ ಅರಸರ ಆಡಳಿತ ಸಾಕಾಗಿ ಅಮಿನಿಯವರು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ದ್ವೀಪಗಳು ಕಂಪನಿಯ ಕೈಗೆ ಹೋದವು, ಆಡಳಿತ ಮಂಗಳೂರಿನಿಂದಲೇ ನಡೆಯಿತು. ಅಲ್ಲಿಯ ತೆಂಗಿನ ನಾರು, ಕೊಬ್ಬರಿ ಮಂಗಳೂರು ಬಂದರಿಗೆ, ಇಲ್ಲಿಯ ಅಕ್ಕಿ ಅಲ್ಲಿಗೆ. ಇವತ್ತಿಗೂ ಹಳೆ ಬಂದರಿನಿಂದ ಮಂಜಿಗಳಲ್ಲಿ ತರಕಾರಿ, ದಿನಸಿ, ಜಲ್ಲಿ, ಸಿಮೆಂಟು ಹೋಗುತ್ತದೆ. ಬಂದರಿನಲ್ಲಿ ದುಡಿದ ಅಜ್ಜಂದಿರು ಇರುವ ಮನೆಗಳಲ್ಲಿ ಕೇಳಿ ನೋಡಿ, ದ್ವೀಪದವರ ಕಥೆ ಒಂದಾದರೂ ಸಿಗುತ್ತದೆ.

ಅಲ್ಲಿಗೆ ಹೋಗುವ ದಾರಿ ಮಾತ್ರ ಸಲೀಸಲ್ಲ. ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಪೊಲೀಸರ ಪ್ರಮಾಣಪತ್ರ ಕೊಡಬೇಕು. ವಿಮಾನ ಇಳಿಯುವುದು ಅಗತ್ತಿಯಲ್ಲಿ. ಹಡಗು ಹೆಚ್ಚಾಗಿ ಕೊಚ್ಚಿಯಿಂದ. 2024ರ ಮೇ ತಿಂಗಳಲ್ಲಿ ‘ಪರಾಲಿ’ ಎಂಬ ವೇಗದ ಹಡಗು ದ್ವೀಪದ ಪ್ರಯಾಣಿಕರನ್ನು ಹೊತ್ತು ಏಳು ಗಂಟೆಯಲ್ಲಿ ಮಂಗಳೂರು ಮುಟ್ಟಿತ್ತು. ಅದು ಕಾಯಂ ಆಗಬೇಕು ಅನ್ನುವುದು ಕರಾವಳಿಯವರ ಆಸೆ. ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆ ಪ್ರವಾಸ ನಡೆಸುತ್ತದೆ. ಅದರ ‘ಸಮುದ್ರಂ’ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲೇ ಮಲಗಿ, ಹಗಲು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಬಹುದು. ಊಟ, ವಸತಿ, ದೋಣಿ ಎಲ್ಲಾ ಸೇರಿ ಒಂದೇ ದರ. ಮಿನಿಕಾಯ್‌ನವರ ಮಾತು ಮಹಲ್, ಅಂದರೆ ಮಾಲ್ಡೀವ್ಸ್‌ನ ದಿವೇಹಿಯೇ. ಜನವಸತಿ ಇಲ್ಲದ ಬಂಗಾರಂ ಬಿಟ್ಟರೆ ಲಕ್ಷದ್ವೀಪದಲ್ಲಿ ಮದ್ಯ ನಿಷೇಧ.

ಇನ್ನು ಅಲ್ಲಿಗೂ ಐಷಾರಾಮಿ ಬರುತ್ತಿದೆ. ಟಾಟಾ ಗುಂಪಿನ ಇಂಡಿಯನ್ ಹೋಟೆಲ್ಸ್ ಕಂಪನಿ ಸುಹೇಲಿ ಮತ್ತು ಕಡಮತ್‌ನಲ್ಲಿ ಎರಡು ತಾಜ್ ರೆಸಾರ್ಟ್ ಕಟ್ಟುವುದಾಗಿ 2023ರ ಜನವರಿಯಲ್ಲಿ ಘೋಷಿಸಿತು. ತಲಾ 110 ಕೋಣೆ, ಕಡಮತ್‌ನಲ್ಲಿ 35 ನೀರಿನ ವಿಲ್ಲಾ. ಸುಹೇಲಿ ಖಾಲಿ ದ್ವೀಪ. ಕಡಮತ್ ಹಾಗಲ್ಲ, ಅಲ್ಲಿ ಜನ ಇದ್ದಾರೆ, ಮಸೀದಿಗಳಿವೆ, ತೆಂಗಿನ ತೋಟಗಳಿವೆ. ಮಾಲ್ಡೀವ್ಸ್ ಕಡಲಿಟ್ಟು ಬೇರೆ ಮಾಡಿದ ಎರಡು ಬದುಕುಗಳು ಇಲ್ಲಿ ಒಂದೇ ದ್ವೀಪದಲ್ಲಿ ಮುಖಾಮುಖಿ ಆಗಬೇಕು. ಸಿಹಿನೀರಿನ ಚಿಂತೆಯೂ ಉಂಟು. ಹವಳದ ದ್ವೀಪದಲ್ಲಿ ಮರಳಿನಡಿ ತೆಳುವಾಗಿ ನಿಂತ ಮಳೆನೀರೇ ಬಾವಿಯ ನೀರು, ಹೆಚ್ಚು ಸೇದಿದರೆ ಉಪ್ಪು ಏರುತ್ತದೆ. ಐವತ್ತೇಳು ಕೆರೆ ತುಂಬಿಸಲು ತುಂಗಭದ್ರೆಯ ಪೈಪಿನ ದಾರಿ ಕಾದು ಕೂತ ಜಗಳೂರಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ದುಡ್ಡು ಕಟ್ಟುವ ಮೊದಲು

ಮನೆಯಲ್ಲಿ ಎಲ್ಲರೂ ಕೂತು ಮಾತಾಡುವಾಗ ಕೆಲವು ಸಂಗತಿ ಮುಂದಿಟ್ಟುಕೊಳ್ಳಿ. ‘ನೋ ಕಾಸ್ಟ್ ಇಎಂಐ’ ಅಂತ ಕೊಡುವ ಪ್ಯಾಕೇಜಿನಲ್ಲಿ ಬಡ್ಡಿ ಎಲ್ಲೋ ಒಂದು ಕಡೆ ಅಡಗಿರುತ್ತದೆ, ಅದನ್ನು ಕಟ್ಟುವವರು ನೀವೇ. ಅಡಿಕೆ ದರ ಏರಿದ ವರ್ಷ ಹುಮ್ಮಸ್ಸಿನಲ್ಲಿ ಮಾಡಿದ ಕಂತು ದರ ಬಿದ್ದ ವರ್ಷವೂ ಬಿಡುವುದಿಲ್ಲ. ಮಗಳ ಮನೆಯವರ ಮೇಲೆ ಈ ಪ್ರವಾಸದ ಖರ್ಚು ಹೊರಿಸುವ ಹೊಸ ಚಾಳಿಯೊಂದು ಅಲ್ಲಲ್ಲಿ ಕಾಣುತ್ತಿದೆ. ಚಿನ್ನ, ವಾಹನದ ಪಟ್ಟಿಗೆ ಈಗ ಹನಿಮೂನ್ ಪ್ಯಾಕೇಜೂ ಸೇರಿದರೆ ಅದು ವರದಕ್ಷಿಣೆಯಲ್ಲದೆ ಮತ್ತೇನು? ಜಮಾಅತಿನ ಹಿರಿಯರು ಇದನ್ನು ಈಗಲೇ ತಡೆಯಬೇಕು. ಹುಡುಗ ದುಡಿದ ದುಡ್ಡಿನಲ್ಲಿ ಕರೆದುಕೊಂಡು ಹೋಗಲಿ, ಎಲ್ಲಿಗಾದರೂ ಹೋಗಲಿ.

ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಔಷಧಿ, ಡಾಕ್ಟರ ಚೀಟಿ ಜೊತೆಗಿರಲಿ, ಪ್ರವಾಸದ ವಿಮೆ ಮಾಡಿಸಿ. ರೆಸಾರ್ಟಿನಿಂದ ಆಸ್ಪತ್ರೆಗೆ ದೋಣಿಯಲ್ಲೋ ವಿಮಾನದಲ್ಲೋ ಹೋಗಬೇಕು, ಆ ಖರ್ಚು ಯಾವ ‘ಎಲ್ಲಾ ಸೇರಿ’ಯಲ್ಲೂ ಸೇರಿಲ್ಲ. ಹೊನ್ನಾಳಿ, ನ್ಯಾಮತಿಯವರು ಶಿವಮೊಗ್ಗ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹಾರುವ ಲೆಕ್ಕವನ್ನೂ ಒಮ್ಮೆ ನೋಡಬಹುದು. ಚನ್ನಗಿರಿ, ಜಗಳೂರಿನವರಿಗೆ ರಸ್ತೆಯೇ ಸಲೀಸು. ಮೊದಲ ಸಲ ಪಾಸ್‌ಪೋರ್ಟ್ ಮಾಡಿಸುವವರು ಆಧಾರಿನಲ್ಲೂ ಶಾಲೆಯ ದಾಖಲೆಯಲ್ಲೂ ಹೆಸರಿನ ಅಕ್ಷರ ಒಂದೇ ಥರ ಇದೆಯಾ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಅರ್ಜಿ ನಿಲ್ಲುವುದು ಅಲ್ಲೇ.

ನಮ್ಮ ಮೂರು ಮನೆಯವರು ವಾಪಸು ಬಂದ ಮೇಲೆ ಖರ್ಚಿನ ಪಟ್ಟಿ ಹರಡಿಕೊಂಡು ಕೂತೆವು. ಕುಡಿಯದ ಮದ್ಯಕ್ಕೆ, ಉಳಿಯದ ರಾತ್ರಿಗೆ, ಉಪಯೋಗಿಸದ ಜಿಮ್ಮಿಗೆ ಹೋದದ್ದನ್ನು ಕಳೆದರೆ, ಬೇಕು ಅಂತ ಅನುಭವಿಸಿದ್ದು ಮೂರು: ಹವಳದ ಮೀನು, ಮಾಸ್ ಹುನಿ, ಶುಕ್ರವಾರದ ಜುಮಾ. ಮೂರೂ ಮಾಫುಶಿಯಲ್ಲೂ ಸಿಗುತ್ತವೆ, ಕವರತ್ತಿಯಲ್ಲೂ ಹೆಚ್ಚುಕಡಿಮೆ ಸಿಗುತ್ತವೆ. ಆದರೂ ಮದುಮಕ್ಕಳಿಬ್ಬರು ‘ನಮಗೆ ಆ ಜಗಲಿ, ಆ ನಿಶ್ಶಬ್ದ ಬೇಕಿತ್ತು, ದುಡ್ಡು ಹೋದದ್ದಕ್ಕೆ ಬೇಸರ ಇಲ್ಲ’ ಅಂದರು. ಅದೂ ಸರಿಯೇ. ತಮಗೆ ಏನು ಬೇಕು ಅಂತ ಗೊತ್ತಿದ್ದವರಿಗೆ ರೆಸಾರ್ಟ್ ದುಬಾರಿ ಅನ್ನಿಸುವುದಿಲ್ಲ.

ಮುಂದಿನ ವರ್ಷಕ್ಕೆ ಉಮ್ಮ ಈಗಲೇ ಹೇಳಿಟ್ಟಿದ್ದಾರೆ, ಹೋಗುವುದಾದರೆ ಅಮಿನಿಗೆ ಅಂತ. ಅವರ ಬಾಪ ಬಂದರಿನಲ್ಲಿ ಮಂಜಿಗೆ ಅಕ್ಕಿ ಮೂಟೆ ಹೊರುತ್ತಿದ್ದವರು. ಪರವಾನಗಿ ಅರ್ಜಿಯನ್ನು ನಾವು ಈ ತಿಂಗಳೇ ತುಂಬುತ್ತಿದ್ದೇವೆ.